ಆರು ಸೆಕೆಂಡು

ಬೆಟ್ಟದ ಈ ಮಗ್ಗುಲಲ್ಲಿ ಹುಲ್ಲು ಮೊಣಕಾಲುದ್ದ,
ಒರಟು, ಒಣಗಿದ ಚಿನ್ನದ ಬಣ್ಣ; ಬಿದ್ದದ್ದನ್ನೆಲ್ಲ ನುಂಗಿ
ಏನೂ ಆಗಿಲ್ಲವೆಂಬಂತೆ ಗಾಳಿಗೆ ತಲೆದೂಗುತ್ತದೆ.
ಹಳದಿ ಬಾವುಟ ನೆಡುತ್ತ ಹೋದೆವು.
ಬಾಲ ಇಲ್ಲಿ.
ಒಂದು ಅಲಗು ನೂರ ನಲವತ್ತು ಹೆಜ್ಜೆ ಕೆಳಗೆ, ತೊರೆಯಲ್ಲಿ.
ನಡುವೆ ಊಟದ ಡಬ್ಬಿ, ಮುಚ್ಚಳ ಹಾಕಿದ್ದು ಹಾಕಿದ ಹಾಗೇ;
ಒಳಗೆ ಬ್ರೆಡ್ಡು, ಚೀಸು,
ನಾಲ್ಕಾಗಿ ಹೆಚ್ಚಿದ ಸೇಬು, ಕಪ್ಪಾಗಿತ್ತು.

ಕೀಯಾ ಗಿಳಿಗಳು ನಮಗಿಂತ ಮುಂಚೆ ಬಂದು
ಪಂಚನಾಮೆ ಮುಗಿಸಿದ್ದವು:
ಬಾಗಿಲಿನ ರಬ್ಬರು ಕಿತ್ತು, ಸೀಟಿನ ಸ್ಪಂಜು ಹೆಕ್ಕಿ.
ಒಂದು ಗಿಳಿ ತಿರುಪು ಕಚ್ಚಿಕೊಂಡು ಹಾರಿದ್ದನ್ನು ಕಣ್ಣಾರೆ ಕಂಡೆ,
ಕಲ್ಲೆಸೆದೆ, ತಾಗಲಿಲ್ಲ.
(ವರದಿಯ ಪುಟ ಇಪ್ಪತ್ತೊಂದು: ‘ಒಂದು ತಿರುಪು ಸಿಕ್ಕಿಲ್ಲ.’)

ಹೋಹೆಪಾ, ನನ್ನ ಜೊತೆಗಾರ, ಮೊದಲ ದಿನ
ಏನನ್ನೂ ಮುಟ್ಟುವ ಮುನ್ನ ಟೋಪಿ ತೆಗೆದು
ತನ್ನ ಹಿರಿಯರ ಮಾವೋರಿಯಲ್ಲಿ ನಾಲ್ಕು ಮಾತು ಆಡಿದ.
ನನಗೆ ಬರುವುದಿಲ್ಲ ಆ ಭಾಷೆ. ಸುಮ್ಮನೆ ನಿಂತೆ,
ಅಳತೆಯ ಟೇಪು ಕೈಯಲ್ಲೇ ಹಿಡಿದು.
ಅದಕ್ಕೆ ನಮ್ಮ ನಮೂನೆಯಲ್ಲಿ ಕಾಲಂ ಇಲ್ಲ.

ಕ್ಯಾಲಮ್ ಡ್ರೀವರ್, ಐವತ್ತೊಂದು. ನಾಲ್ಕು ಸಾವಿರ ಮೆರಿನೊ ಕುರಿ,
ಎರಡೇ ಸೀಟಿನ ಸೆಕೆಂಡ್‌ಹ್ಯಾಂಡ್ ಹೆಲಿಕಾಪ್ಟರು.
ಬೇಲಿ ನೋಡಲು, ತಪ್ಪಿದ ಮಂದೆ ಹುಡುಕಲು,
ಕೆಲವೊಮ್ಮೆ ಐಲ್ಸಳನ್ನು ಪಕ್ಕದಲ್ಲಿ ಕೂರಿಸಿಕೊಂಡು
ಪೇಟೆಯಿಂದ ಹಾಲು ತರಲು.
ಇಷ್ಟು ಜೀವ ಸಾಕಿದವನ ಮನೆಯಲ್ಲಿ ಹಾಲಿಗೆ ಬರ
ಎಂದು ತಾನೇ ನಗುತ್ತಿದ್ದನಂತೆ.

ಗುದಾಮಿನ ನೆಲದ ಮೇಲೆ ಚೂರು ಜೋಡಿಸಿದೆವು.
ಅಲಗು ಹೊತ್ತ ಕಂಬದ ಕೊರಳಲ್ಲಿ ಎರಡು ಕಚ್ಚು.
ಅಲಗಿನ ಅಂಚಿಗೆ ಬಾಲದ ನೀಲಿ ಬಣ್ಣ ಮೆತ್ತಿತ್ತು:
ತನ್ನನ್ನು ತಾನೇ ಕಡಿದುಕೊಂಡದ್ದು.
ವಾಯವ್ಯದ ಗಾಳಿ ಏಣು ದಾಟಿ ಧುಮುಕುವಲ್ಲಿ
ಒಂದು ಗಳಿಗೆ ಯಂತ್ರಕ್ಕೆ ತೂಕವೇ ಇರಲಿಲ್ಲ;
ಆಗ ಯಾರ ಕೈಯಾದರೂ ಮಾಡುವುದನ್ನೇ
ಅವನ ಕೈಯೂ ಮಾಡಿತು.

ಎಚ್ಚರಿಕೆಯ ಬಲ್ಬು, ಜೋಳದ ಕಾಳಿನಷ್ಟು,
ಸೂಕ್ಷ್ಮದರ್ಶಕದಡಿ ಇಟ್ಟೆ. ತಂತಿ ಹಿಗ್ಗಿ ಜೋತುಬಿದ್ದಿತ್ತು.
ಉರಿಯುತ್ತಿದ್ದದ್ದು ಹಿಗ್ಗುತ್ತದೆ, ಆರಿದ್ದದ್ದು ಮುರಿಯುತ್ತದೆ.
(ಬಲ್ಬಿನ ಮಾತು ಹೇಳಿದೆ, ಅಷ್ಟೇ.)
ಅಂದರೆ ನೆಲ ಮುಟ್ಟುವಾಗ ಅದು ಉರಿಯುತ್ತಿತ್ತು,
ಕಿತ್ತಳೆ ಬೆಳಕು, ಅವನ ಕಣ್ಣೆದುರಿಗೇ.

ಕಂಡವಳು ಒಬ್ಬಳೇ: ಬ್ರಯೋನಿ, ಹತ್ತೊಂಬತ್ತು, ಕುರಿ ಅಟ್ಟುವವಳು,
ಕಣಿವೆಯಾಚೆ, ಎರಡು ಕಿಲೋಮೀಟರು ದೂರ.
‘ಏನೋ ಕಳಚಿ ಬಿತ್ತು. ಆಮೇಲೆ ಅದೇ ಬಿತ್ತು. ಧೂಳೆದ್ದಿತು.
ಆದರೆ ಸದ್ದು ನಿಲ್ಲಲೇ ಇಲ್ಲ.
ನಾನು ಧೂಳು ನೋಡುತ್ತಿದ್ದೇನೆ,
ಅವನು ಟಪಟಪ ಅಂತ ಹಾರುತ್ತಲೇ ಇದ್ದಾನೆ.
ನಾಯಿ ಕೂಡ ಆಕಾಶವನ್ನೇ ನೋಡುತ್ತಿತ್ತು.’

ಭಾಗಿಸಿ ನೋಡಿದೆ: ಆರು ಸೆಕೆಂಡು.

ಹದಿನಾಲ್ಕು ತಿಂಗಳಾದ ಮೇಲೆ
ಐಲ್ಸಳ ಅಡಿಗೆಮನೆಯ ಮೇಜಿನ ಮೇಲೆ ಅರವತ್ತೆರಡು ಪುಟ ಇಟ್ಟೆ.
ಯಾರ ಮೇಲೂ ತಪ್ಪು ಹೊರಿಸುವುದಕ್ಕಲ್ಲ ಎಂದು
ಮೊದಲ ಪುಟದಲ್ಲೇ ಇದೆ, ಬಾಯಲ್ಲೂ ಹೇಳಿದೆ.
ಬಲ್ಬಿನ ವಿಷಯ ಕೇಳಿದರೆ ಏನು ಹೇಳುವುದೆಂದು
ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ.
ಕೇಳಲಿಲ್ಲ.
ಸಾಕ್ಷಿಯ ಹೇಳಿಕೆಯ ಮೇಲೆ ಬೆರಳಿಟ್ಟು,
‘ಈ ಹುಡುಗಿ ನಿಂತಿದ್ದದ್ದು ಯಾವ ಕಲ್ಲಿನ ಹತ್ತಿರ?’ ಎಂದಳು.
ನಕ್ಷೆ ಬಿಚ್ಚಿ ತೋರಿಸಿದೆ.
ಕೆಟಲು ಕುದಿದು ತಾನೇ ಆರಿತು.
‘ಇನ್ನೂ ಹಿಂದಕ್ಕೆ ನಿಂತಿದ್ದರೆ?’

ಮೂರು ಕಿಲೋಮೀಟರಿಗೆ ಒಂಬತ್ತು, ಎಂದೆ.
ಅದರಾಚೆ ಗುಡ್ಡ ಅಡ್ಡ ಬರುತ್ತದೆ.

ಅವಳು ಪೆನ್ಸಿಲು ತಂದು
ಗುಡ್ಡದ ಈಚೆಗೆ
ಒಂದು ಚುಕ್ಕಿ ಇಟ್ಟಳು.